ಪಿನ್ ಹೊಡೆದ ಕೊನೇ ಅಧ್ಯಾಯ

ಭಾನುವಾರ ಬೆಳಿಗ್ಗೆ ಗುಬ್ಬಿಯಲ್ಲಿ ತುಮಕೂರಿನ ಬಸ್ ಹತ್ತಿದಾಗ ನನ್ನ ಚೀಲದಲ್ಲಿ ವಾಪಸ್ ಕೊಡಬೇಕಿದ್ದ ಭಾವನ ಪುಸ್ತಕವಿತ್ತು, ಎದೆಯಲ್ಲಿ ಭಯವಿತ್ತು. ಭಾವ, ಅಂದರೆ ನಮ್ಮಕ್ಕನ ಗಂಡ, ಕುಣಿಗಲ್‌ನಲ್ಲಿ ನಿವೃತ್ತ ಮೇಷ್ಟ್ರು. ಪುಟದ ಮೂಲೆ ಮಡಚಿದರೂ ಸಹಿಸದವರು. "ಹೆಣ ಬೀಳದಿದ್ರೆ ನಿನಗೆ ಪುಸ್ತಕ ಓದಕ್ಕಾಗಲ್ವೇನಯ್ಯ?" ಎಂದು ಎಲ್ಲರೆದುರು ಕೇಳಿದ್ದಕ್ಕೆ ರೋಷ ಬಂದು, ಅವರ ಬೀರುವಿನಿಂದ ಈ ತತ್ವಜ್ಞಾನದ ಕಾದಂಬರಿ ಎತ್ತಿಕೊಂಡು ಬಂದಿದ್ದೆ.

ನಾನು ಪತ್ತೇದಾರಿ ಬಿಟ್ಟು ಬೇರೇನೂ ಓದಿದವನಲ್ಲ. ಅಂತರಸನಹಳ್ಳಿಯ ನಮ್ಮ ವರ್ಕ್‌ಶಾಪಿನ ಓದುಗರಿಗೆ ಒಂದು ಕಟ್ಟುನಿಟ್ಟಿನ ಕಾನೂನಿದೆ. ಪುಸ್ತಕ ಬಂದ ಕೂಡಲೇ ನಮ್ಮ ಜೊತೆ ಕೆಲಸ ಮಾಡುವ ಹುಡುಗ ರುದ್ರೇಶ ಕೊನೇ ಅಧ್ಯಾಯಕ್ಕೆ ಸ್ಟೇಪ್ಲರ್ ಪಿನ್ ಹೊಡೆಯುತ್ತಾನೆ. ಕೊಲೆಗಾರ ಯಾರೆಂದು ಊಹಿಸಿ ಬಾಯಿಬಿಟ್ಟು ಹೇಳಿದ ಮೇಲೆಯೇ ಪಿನ್ ಕೀಳಬೇಕು. ಹೇಳದೆ ಕಿತ್ತವನದು ಎಲ್ಲರಿಗೂ ಟೀ. ನಾನು ಊಟ ಮುಗಿಸಿ ಬರುವಷ್ಟರಲ್ಲಿ ಈ ಪುಣ್ಯಾತ್ಮ ಭಾವನ ಪುಸ್ತಕಕ್ಕೂ ಪಿನ್ ಹೊಡೆದಿದ್ದ. "ಯಾರ್ದಂತ ನಂಗೇನ್ ಗೊತ್ತಣ್ಣ? ಬುಕ್ ಬಂತು, ಹೊಡ್ದೆ," ಅಂದ.

ಪಿನ್ ಕಿತ್ತರೆ ತೂತು ಉಳಿಯುತ್ತದೆ. ಅದಿರಲಿ, ಕೊಲೆಯೇ ಆಗದ ಕತೆಯಲ್ಲಿ ನಾನು ಯಾರ ಮೇಲೆ ಅನುಮಾನ ಪಡಲಿ? ಕುಣಿಗಲ್ ಬರುವುದರೊಳಗೆ ಯಾರನ್ನಾದರೂ ಹಿಡಿಯದಿದ್ದರೆ ಭಾವನ ಮುಂದೆ ಮರ್ಯಾದೆ ಮೂರಾಬಟ್ಟೆ.

ತುಮಕೂರಿಗೆ ಇಪ್ಪತ್ತು ಕಿಲೋಮೀಟರ್. ಪಕ್ಕದಲ್ಲಿ ಹೂವಿನ ಬುಟ್ಟಿ ಹಿಡಿದು ಕೂತಿದ್ದ ಹೆಂಗಸು, "ಏನಣ್ಣ ಅದು, ಅಷ್ಟೊಂದ್ ಮುಖ ಗಂಟಾಕ್ಕೊಂಡು ಓದ್ತಿದೀಯ?" ಎಂದರು.

"ಒಬ್ಬ ಬಾವಿಕಟ್ಟೆ ಮೇಲೆ ಕೂತು ನಾನು ಯಾರು ಅಂತ ಹುಡುಕ್ತಾವ್ನೆ ಕಣಮ್ಮ."

"ಸಿಕ್ದನಾ?"

"ಮುನ್ನೂರು ಪೇಜಾಯ್ತು, ಇನ್ನೂ ಇಲ್ಲ."

"ಅಷ್ಟೊತ್ತು ಅವನಿಗೆ ಊಟ ಯಾರು ಹಾಕ್ತಾರೆ?"

ನಾನು ಸರಸರನೆ ಹಿಂದಿನ ಪುಟ ತಿರುವಿದೆ. ಹೌದಲ್ಲ! ಪ್ರತಿ ಅಧ್ಯಾಯದಲ್ಲೂ ಹೆಂಡತಿ ಬುತ್ತಿ ತಂದಿಟ್ಟು, ಒಂದು ಮಾತೂ ಆಡದೆ ಹೋಗುತ್ತಾಳೆ. ತುಮಕೂರಿನ ಗುಬ್ಬಿ ಗೇಟ್ ಬಂದಾಗ ನನಗೆ ಕುಣಿಯುವಷ್ಟು ಖುಷಿಯಾಗಿತ್ತು.

ತುಮಕೂರು ಸ್ಟ್ಯಾಂಡಿನಲ್ಲಿ ತಟ್ಟೆ ಇಡ್ಲಿ ತಿಂದು ಕುಣಿಗಲ್ ಬಸ್ ಹಿಡಿದೆ. ಸೀಟು ಸಿಗಲಿಲ್ಲ. ಹೆಬ್ಬೂರಿನವರೆಗೂ ಬಿಸಿಲು ಮುಖಕ್ಕೇ ಹೊಡೆಯಿತು.

ಪಿನ್ ಕಂಡ ಭಾವ ಕೆಂಡಾಮಂಡಲವಾದರು. "ಏನಯ್ಯ ಇದು, ಪುಸ್ತಕಕ್ಕೆ ಮೊಳೆ ಹೊಡ್ದಿದೀಯ!" ಎನ್ನುತ್ತ ಕಿತ್ತೇಬಿಟ್ಟರು. ನಾನು ತಡವರಿಸುತ್ತ ನಮ್ಮ ಕಾನೂನು ವಿವರಿಸಿದೆ.

"ಸರಿ, ನಿನ್ನ ಕೊಲೆಗಾರ ಯಾರು?"

"ಹೆಂಡ್ತಿ, ಭಾವ. ಆಯಮ್ಮ ಒಂದಿನ ಬುತ್ತಿ ತರದಿದ್ರೆ ಅವ್ನು ಎದ್ದು ಮನೆಗ್ ಬರ್ತಿದ್ದ."

ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಕ್ಕ ಬಿದ್ದು ಬಿದ್ದು ನಕ್ಕಳು. "ಅಲ್ಲ ಕಣೋ, ಇವ್ರು ಯಾರ ಹೆಸರು ಹೇಳಿ ಪಿನ್ ಕಿತ್ರು?"

"ಯಾರ್ದೂ ಹೇಳ್ಲಿಲ್ಲ."

"ಹಂಗಾದ್ರೆ ಟೀ ಇವರದೇ."

ಭಾವ ನನ್ನನ್ನೇ ದುರುಗುಟ್ಟಿ ನೋಡಿದರು. ಇನ್ನು ಈ ಮನೆಯ ಹೊಸ್ತಿಲು ತುಳಿದ ಹಾಗೇ ಎಂದುಕೊಂಡೆ. ಅವರು ಎದ್ದು, ಪಂಚೆ ಬಿಗಿದು, ಅಡುಗೆಮನೆಗೆ ಹೋದರು. ಅಕ್ಕ ಅವರ ಆರಾಮ ಕುರ್ಚಿಯಲ್ಲಿ ಕೂತು ಕೊನೇ ಅಧ್ಯಾಯ ತೆರೆದಳು.

"ಲೇ, ಟೀ ಪುಡಿ ಎಲ್ಲಿದೆ?"

"ಹುಡುಕಿ," ಅಂದಳು ಅಕ್ಕ, ತಲೆ ಎತ್ತದೆ.

ಟೀ ಬರುವಷ್ಟರಲ್ಲಿ ನನ್ನ ವಾಪಸ್ ಬಸ್ ಹೋಗಿಬಿಟ್ಟಿತ್ತು. ಮುಂದಿನ ಬಸ್ಸಿಗೆ ಹತ್ತಿಸಲು ಭಾವ ಸ್ಟ್ಯಾಂಡಿಗೆ ಬಂದರು. ಬಸ್ ಹೊರಡುವಾಗ ಕಿಟಕಿಯಿಂದ ಇನ್ನೊಂದು ದಪ್ಪ ಪುಸ್ತಕ ಒಳಗೆ ನೂಕಿದರು. ಅದರ ಕೊನೇ ಅಧ್ಯಾಯಕ್ಕೆ ಅವರೇ ಪಿನ್ ಹೊಡೆದಿದ್ದರು.