ಬೀರ ಅಕ್ಕಿಯಾದ ಭಾನುವಾರ

ಕೆಂಚಬೀರನನ್ನು ಸೃಷ್ಟಿಸಿದ್ದು ನಾನಲ್ಲ. ಈ ಪುಸ್ತಕದ ಮೊದಲ ಮುದ್ರಣದ ಮುಖಪುಟದಲ್ಲಿ ಅವನ ಚಿತ್ರವಿತ್ತು, ಅದರ ಕೆಳಗೆ ‘ಕಲ್ಪನೆ ಮತ್ತು ರಚನೆ’ ಎಂದು ನನ್ನ ಹೆಸರಿತ್ತು. ಅದು ಸುಳ್ಳು. ಇನ್ನೂ ಒಂದು ಸುಳ್ಳಿದೆ, ಇದಕ್ಕಿಂತ ಕೆಟ್ಟದ್ದು — ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು. ಎರಡನೇ ಮುದ್ರಣಕ್ಕೆ ನಾಲ್ಕು ಮಾತು ಬರೆದುಕೊಡಿ ಎಂದು ಪ್ರಕಾಶಕರು ಕೇಳಿದ್ದಾರೆ. ಪಾಪ, ಅವರು ಕಾಯುತ್ತಿರುವುದು ಇಂಥ ನಾಲ್ಕು ಮಾತಿಗಲ್ಲ.

ಈ ಪುಸ್ತಕದಲ್ಲಿರುವ ಆಟ ಗೊತ್ತಿಲ್ಲದವರಿಗೆ ಮೊದಲು ಅದನ್ನು ಹೇಳಿಬಿಡುತ್ತೇನೆ. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ, ಅವನನ್ನು ಸೂತ್ರಧಾರ ಎನ್ನುತ್ತೇವೆ. ಉಳಿದವರು ತಲೆಗೊಂದು ಪಾತ್ರ ಕಟ್ಟಿಕೊಂಡು ಬಂದು, ಆ ಪಾತ್ರ ಏನು ಮಾಡುತ್ತದೆಂದು ಬಾಯಲ್ಲಿ ಹೇಳುತ್ತಾರೆ. ಅದು ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಸೂತ್ರಧಾರನ ಮಾತೇ ಕೊನೆಯ ಮಾತು. ಅದನ್ನು ಯಾರೂ ಪ್ರಶ್ನಿಸುವಂತಿಲ್ಲ.

ಆ ಸೂತ್ರಧಾರ ನಾನು. ನಾಗಮಂಗಲದ ಕಡೆಯವನು, ಮೈಸೂರಿನಲ್ಲಿ ಎಂ.ಎ. ಮಾಡಿ ಬಂದು ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಶ್ರೀರಂಗಪಟ್ಟಣದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ರಫೀಕ್ ಈ ಆಟವನ್ನು ಎಲ್ಲೋ ನೋಡಿ ಬಂದು ನನಗೆ ಹೇಳಿದ. ಕೆ.ಆರ್.ಪೇಟೆಯಲ್ಲಿ ಹೈಸ್ಕೂಲು ಟೀಚರಾಗಿದ್ದ ಮಾಕವಳ್ಳಿಯ ಲತಾ ನಮ್ಮ ಜೊತೆ ಸೇರಿಕೊಂಡಳು. ನಾಲ್ಕನೆಯವನು ಹನುಮಂತ. ಪಾಂಡವಪುರದಲ್ಲಿ ಪಿಯುಸಿ ಓದುವಾಗ ನನ್ನ ಪಕ್ಕದಲ್ಲೇ ಕೂರುತ್ತಿದ್ದ. ಇಂಗ್ಲಿಷಿನಲ್ಲಿ ಫೇಲಾಗಿ ಅಲ್ಲೇ ಅಪ್ಪನ ಮರಗೆಲಸದ ಅಂಗಡಿ ಸೇರಿದ. ನಾನು ಅವನನ್ನು ಹನುಮಂತ ಎಂದು ಕರೆದದ್ದೇ ಇಲ್ಲ — ಅನ್ಮ ಎನ್ನುತ್ತಿದ್ದೆ. ಅವನು ನನ್ನನ್ನು ‘ಲೇ ಪುಟ್ರಾಜ’ ಎನ್ನುತ್ತಿದ್ದ. ಭಾನುವಾರ ಅವನ ಅಂಗಡಿಗೆ ರಜ. ಮರದ ಸಿಪ್ಪೆ ಗುಡಿಸಿ, ಕೆಲಸದ ಮೇಜಿನ ಸುತ್ತ ಕೂತು ಸಂಜೆಯವರೆಗೆ ಆಡುತ್ತಿದ್ದೆವು.

ಆಟವನ್ನು ಕನ್ನಡದಲ್ಲೇ ಹೊಸದಾಗಿ ಕಟ್ಟಬೇಕೆಂದು ನಾನು ಎರಡು ವರ್ಷ ಒದ್ದಾಡಿದ್ದೆ. ಏಳು ರಾಜ್ಯಗಳ ನಕ್ಷೆ, ಒಂದೊಂದು ರಾಜ್ಯಕ್ಕೂ ವಂಶಾವಳಿ, ನದಿಗಳಿಗೆಲ್ಲ ಸಂಸ್ಕೃತದ ಹೆಸರು. ಎರಡು ದಪ್ಪ ನೋಟ್‌ಬುಕ್ಕು ತುಂಬಿತ್ತು. ಹನುಮಂತ ಒಂದು ವಾರದಲ್ಲಿ ಒಂದು ಪಾತ್ರ ಮಾಡಿಕೊಂಡು ಬಂದ. ರೂಪ ಬದಲಿಸುವ ಒಬ್ಬ ಕಾಳಗದ ಆಳು. ತೊಣ್ಣೂರು ಕೆರೆಯ ಏರಿಯಂಥ ಒಂದು ಏರಿಯ ಮೇಲೆ ಒಬ್ಬನೇ ಇರುವವನು, ಕೂದಲು ಕೆಂಚು, ಹೆಸರು ಕೆಂಚಬೀರ. ರೂಪ ಬದಲಿಸುವ ವೀರನೆಂದರೆ ಏನು ಮಹಾ, ಯಾರ ತಲೆಗಾದರೂ ಬರುತ್ತದೆ ಅಂದುಕೊಂಡೆ. ಆಮೇಲೆ ಅವನು ಮುಂದಿನದನ್ನು ಹೇಳಿದ.

“ಪುಕ್ಸಟ್ಟೆ ಏನೂ ಸಿಕ್ಕಕಿಲ್ಲ ಕಣ್ಲಾ ಪುಟ್ರಾಜ. ಉಲಿ ಆಗಿ ವಾಪಸ್ ಬಂದ್ರೆ ಉಲೀದು ಏನಾರ ಒಂದು ಒಳಗೇ ಉಳ್ಕಬುಡ್ತದೆ. ಉಗುರೋ, ಕ್ವಾಪನೋ. ಅಂಗೇ ಒಂದೊಂದೂ ಸೇರ್ಕಂಡು ಸೇರ್ಕಂಡು, ಕಡೀಗೆ ಮನ್ಸ ಅನ್ನೋನು ಎಷ್ಟು ಉಳಿದಾನು ಏಳು?”

ನನಗೆ ಆ ಕ್ಷಣವೇ ಹೊಟ್ಟೆ ಉರಿಯಿತು. ಮುಚ್ಚಿಡುವುದೇಕೆ — ಉರಿಯಿತು. ನನ್ನ ಎರಡು ನೋಟ್‌ಬುಕ್ಕಿನಲ್ಲಿ ಎಲ್ಲಿಯೂ ಅಂಥದ್ದೊಂದು ಸಾಲಿರಲಿಲ್ಲ. ಪಿಯುಸಿ ಫೇಲಾದವನು, ಬಾಗಿಲು ಕಿಟಕಿ ಮಾಡಿಕೊಂಡಿದ್ದವನು, ಇವನಿಗೆ ಇದು ಎಲ್ಲಿಂದ... ಎಂದು ಯೋಚಿಸಿದೆ. ಹಾಗೆ ಯೋಚಿಸಿದೆನೆಂದು ಈಗ ಬರೆಯಲು ಮನಸ್ಸಿಲ್ಲ, ಆದರೆ ಯೋಚಿಸಿದ್ದು ಅದನ್ನೇ.

ಅವನು ಬೀರನನ್ನು ಮರದಲ್ಲಿ ಕೆತ್ತಿಯೂ ಇದ್ದ. ಗೇಣುದ್ದದ ಬೊಂಬೆ. ಕುತ್ತಿಗೆಯ ಹತ್ತಿರ ಸಣ್ಣದೊಂದು ಗೂಟ. ತಲೆ ಕಳಚಿ ಬೇರೆ ತಲೆ ಸಿಕ್ಕಿಸಬಹುದು. ಹುಲಿ, ಕರಡಿ, ಮೊಸಳೆ. ಬೀರ ಪ್ರತಿ ಸಲ ರೂಪ ಬದಲಿಸಿ ಬಂದಾಗಲೂ ಹನುಮಂತ ಉಳಿ ತೆಗೆದುಕೊಂಡು ಮನುಷ್ಯನ ತಲೆಯ ಮೇಲೆ ಒಂದು ಗುರುತು ಕೊರೆಯುತ್ತಿದ್ದ. ಎರಡು ತಿಂಗಳಾಗುವಷ್ಟರಲ್ಲಿ ಬೀರನ ಮುಖ ನೋಡಿದರೆ ಒಂದು ಥರ ಸಂಕಟವಾಗುತ್ತಿತ್ತು.

ಎಲ್ಲರೂ ಬೀರನಿಗಾಗಿ ಬರತೊಡಗಿದರು. ಲತಾ ಬಸ್ಸಿಳಿದ ಕೂಡಲೇ, “ಇವತ್ತು ಬೀರ ಏನಾಯ್ತಾನೆ?” ಅನ್ನುವಳು. ರಫೀಕ್ ತನ್ನ ಪಾತ್ರವನ್ನೇ ಮರೆತು ಬೀರನ ಹಿಂದೆ ಓಡುವನು. ನನ್ನ ಏಳು ರಾಜ್ಯಗಳಲ್ಲಿ ಒಂದರ ಹೆಸರಾದರೂ ಅವರಿಗೆ ಬಾಯಿಗೆ ಬರುತ್ತಿರಲಿಲ್ಲ. ಒಂದು ದಿನ ರಫೀಕ್ ನನ್ನ ನಕ್ಷೆಯ ಮೇಲೆ ಬೋಂಡದ ಪೊಟ್ಟಣ ಇಟ್ಟ. ಎಣ್ಣೆ ಇಳಿದು ಎರಡು ರಾಜ್ಯ ಒಂದಾದವು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಹೋಗಿ ಹೆಂಡತಿಯ ಮೇಲೆ ರೇಗಿದೆ.

ಮೈಸೂರಿನ ಪ್ರಕಾಶಕರೊಬ್ಬರನ್ನು ಕರೆಸಿದ್ದು ನಾನೇ. ಮಕ್ಕಳ ಪುಸ್ತಕ ಮಾಡುವವರು, ಹಿರಿಯರು. ಆಟವನ್ನು ನೋಡಿ ಒಪ್ಪಿಗೆಯಾದರೆ ಪುಸ್ತಕ ಮಾಡೋಣ ಎಂದಿದ್ದರು. ಒಂದು ಭಾನುವಾರ ಬಂದು, ನನ್ನ ನೋಟ್‌ಬುಕ್ಕನ್ನು ನಾಲ್ಕು ಪುಟ ತಿರುವಿ ಪಕ್ಕಕ್ಕಿಟ್ಟರು. ಬೀರನ ಬೊಂಬೆಯನ್ನು ಕೈಗೆತ್ತಿಕೊಂಡವರು ಮತ್ತೆ ಕೆಳಗಿಡಲಿಲ್ಲ. “ಇದು ಯಾರ ಕಲ್ಪನೆ?” ಎಂದರು. ಹನುಮಂತ ನಾಚಿಕೊಂಡು ತಲೆ ಕೆರೆದುಕೊಂಡ. ಅವರು ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡು ಕೂತರು. ಆ ಕುರ್ಚಿ ನನ್ನ ಕಡೆಯಿಂದ ಅವನ ಕಡೆಗೆ ಹೋದದ್ದು — ಇಷ್ಟು ವರ್ಷವಾದರೂ ಆ ಸದ್ದು ನನ್ನ ಕಿವಿಯಲ್ಲಿದೆ.

ಆಟ ರಂಗೇರಿತು. ರಫೀಕ್ ಮತ್ತು ಲತಾರ ಪಾತ್ರಗಳು ಸೆರೆಯಲ್ಲಿದ್ದವು. ಬೀಗದ ಕೈ ಇದ್ದದ್ದು ಕಡಿದಾದ ಬಂಡೆಯ ಮೇಲಿನ ಕಾವಲುಗಾರನ ಸೊಂಟದಲ್ಲಿ. ಹನುಮಂತ ಅಲ್ಲಿಯವರೆಗೆ ಬೀರನನ್ನು ಹಕ್ಕಿ ಮಾಡಿರಲಿಲ್ಲ. ಹಕ್ಕಿಯಾದವನಿಗೆ ಮತ್ತೆ ನೆಲಕ್ಕಿಳಿಯಲು ಮನಸ್ಸೇ ಬರದೆ ಹೋದರೆ, ಎಂದು ಭಯಪಡುತ್ತಿದ್ದ. ಆ ವಾರವೇ ಹಕ್ಕಿಯ ತಲೆ ಕೆತ್ತಿ ಮುಗಿಸಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಈಗ ಎದ್ದು ನಿಂತ. ಮುಖ ಕೆಂಪಾಗಿತ್ತು.

“ಬೀರ ಅಕ್ಕಿ ಆಯ್ತಾನೆ! ಅಕ್ಕಿ ಆಗಿ ಆರ್ಕಂಡು ಓಗಿ ಬೀಗದ ಕೈ ಕಿತ್ಕತಾನೆ!”

ನಮ್ಮ ಕಡೆ ಮಾತಿನ ಮೊದಲಿನ ‘ಹ’ ಬಾಯಿಗೆ ಬರುವುದಿಲ್ಲ. ಹುಲಿಗೆ ಉಲಿ, ಹಾವಿಗೆ ಆವು, ಹಕ್ಕಿಗೆ ಅಕ್ಕಿ. ನಮ್ಮಮ್ಮ ಈಗಲೂ ಹಾಗೇ ಮಾತಾಡುತ್ತಾಳೆ. ಹನುಮಂತ ಎರಡು ತಿಂಗಳಿಂದ ಉಲಿ ಅಂದಾಗೆಲ್ಲ ನಾನು ಹುಲಿ ಎಂದೇ ಆಟ ನಡೆಸಿದ್ದೆ. ಆ ಬಗ್ಗೆ ಯಾರೂ ಯೋಚಿಸಿಯೇ ಇರಲಿಲ್ಲ. ಮೈಸೂರಿನ ಹಾಸ್ಟೆಲಿನಲ್ಲಿ ನಾನು ಮೊದಲ ದಿನ ‘ಅಣ್ಣು’ ತಿನ್ನುತ್ತೀರಾ ಎಂದು ಕೇಳಿ, ವರ್ಷಪೂರ್ತಿ ಅಣ್ಣು ಎಂದೇ ಕರೆಸಿಕೊಂಡವನು. ಬಚ್ಚಲಿನ ಬಾಗಿಲು ಹಾಕಿಕೊಂಡು ಹಣ್ಣು, ಹಾಲು, ಹಾವು ಎಂದು ನಾಲಿಗೆ ತಿದ್ದಿಕೊಂಡವನು. ಎಲ್ಲಿ ಚುಚ್ಚಿದರೆ ಎಷ್ಟು ನೋಯುತ್ತದೆಂದು ಆ ಮೇಜಿನ ಸುತ್ತ ಕೂತವರಲ್ಲಿ ಚೆನ್ನಾಗಿ ಗೊತ್ತಿದ್ದದ್ದು ನನಗೊಬ್ಬನಿಗೇ.

“ಅಕ್ಕಿ ಅಂದೆಯಲ್ಲ?” ಎಂದೆ. ಪಾಠ ಮಾಡುವ ದನಿಯಲ್ಲಿ. “ಆಟಗಾರನ ಬಾಯಲ್ಲಿ ಯಾವ ಹೆಸರು ಬರುತ್ತದೋ ಅದೇ ಬೀರನ ರೂಪ, ಅದು ನಿಯಮ. ಬೀರ ಅಕ್ಕಿಯಾದ. ಎರಡು ಸೇರು ಅಕ್ಕಿ. ಬಂಡೆಯ ಬುಡದಲ್ಲಿ ಚೆಲ್ಲಿಕೊಂಡು ಬಿದ್ದಿದೆ.”

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ರಫೀಕ್, “ಅರೆ ಭಾಯ್, ರೇಷನ್ ಅಕ್ಕಿನಾ, ಸೋನಾ ಮಸೂರಿನಾ?” ಎಂದ. ಪ್ರಕಾಶಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಲತಾಳೂ ನಕ್ಕಳು. ಹನುಮಂತನೂ ನಕ್ಕ — ಮೊದಲು ಅವನೂ ನಕ್ಕ. “ಅದಲ್ಲ ಕಣ್ಲಾ, ಅಕ್ಕಿ, ಅಕ್ಕಿ... ರೆಕ್ಕೆ ಇರೋ ಅಕ್ಕಿ,” ಎಂದ. ಎಲ್ಲರೂ ಇನ್ನೂ ಜೋರಾಗಿ ನಕ್ಕರು. ಅವನು ತುಟಿ ಕೂಡಿಸಿ, ಉಸಿರು ಎಳೆದುಕೊಂಡು ಸರಿಯಾಗಿ ಹೇಳಲು ನೋಡಿದ. ಬರಲಿಲ್ಲ. ಲತಾ ಅಷ್ಟು ಹೊತ್ತಿಗೆ ನಗುವುದನ್ನು ನಿಲ್ಲಿಸಿದ್ದಳು. ನಾನು ನಿಲ್ಲಿಸಬಹುದಾಗಿತ್ತು. ದಾಳ ಹಾಕಿ, ಗುಬ್ಬಚ್ಚಿಗಳು ಬಂದು ಬೀರನನ್ನು ಹೆಕ್ಕಿ ತಿಂದವು ಎಂದೆ.

ಹನುಮಂತ ನನ್ನನ್ನೇ ನೋಡಿದ. “ಅಂಗೊಂದು ರೂಲ್ಸು ಅದಾ?”

“ಇದೆ. ಮೊದಲಿಂದಲೂ ಇದೆ. ನೀನು ಓದಿಲ್ಲ, ಅಷ್ಟೆ.”

ಅಂಥ ನಿಯಮ ಇರಲಿಲ್ಲ. ನಾನು ಹೇಳಬೇಕಾದ ಎರಡನೇ ಸುಳ್ಳು ಇದೇ. ಅದು ಆ ಕ್ಷಣ ನನ್ನ ಹೊಟ್ಟೆಕಿಚ್ಚಿನಿಂದ ಹುಟ್ಟಿದ್ದು. ಸಂಜೆ ನಾಗಮಂಗಲದ ಬಸ್ಸಿನಲ್ಲಿ ಕೂತು, ನೋಟ್‌ಬುಕ್ಕಿನ ಹಳೆಯ ಪುಟವೊಂದರ ಸಂದಿಯಲ್ಲಿ ಅದನ್ನು ಬರೆದು ತುರುಕಿದೆ. ಬಸ್ಸು ಕುಲುಕುತ್ತಿತ್ತು, ಅಕ್ಷರ ಸೊಟ್ಟಗಾದವು. ಹಳೆಯದರಂತೆ ಕಾಣಲಿ ಎಂದು ಬೇರೆ ಬಣ್ಣದ ಪೆನ್ನು ಕೂಡ ಹುಡುಕಿದ್ದೆ.

ಆ ದಿನ ಅವನು ಬೊಂಬೆಯನ್ನು ಮೇಜಿನ ಮೇಲೆಯೇ ಬಿಟ್ಟು ಅಂಗಡಿಯ ಹಿಂದಕ್ಕೆ ಹೋಗಿದ್ದ. ನಾನು ಅದನ್ನು ಎತ್ತಿ ಚೀಲಕ್ಕೆ ಹಾಕಿಕೊಂಡೆ, ಅಲ್ಲಿದ್ದ ತಲೆಗಳ ಸಮೇತ. ಮುಂದಿನ ಭಾನುವಾರ ಕೆಲಸ ಇದೆ ಎಂದು ಹನುಮಂತ ಹೇಳಿಕಳಿಸಿದ. ಅದರ ಮುಂದಿನ ಭಾನುವಾರವೂ. ಆಮೇಲೆ ನಾವು ಆಟವನ್ನು ಶ್ರೀರಂಗಪಟ್ಟಣಕ್ಕೆ, ರಫೀಕನ ಅಂಗಡಿಯ ಮಹಡಿಗೆ ಬದಲಿಸಿಕೊಂಡೆವು. ಪ್ರಕಾಶಕರು ಫೋನು ಮಾಡಿ, “ಆ ಮರಗೆಲಸದ ಹುಡುಗನ ಹೆಸರೂ ಹಾಕಬೇಕಲ್ಲವೇ?” ಎಂದು ಕೇಳಿದರು. ಕೇಳಿದರು, ನನಗೆ ಒಂದು ಅವಕಾಶ ಸಿಕ್ಕಿತ್ತು. ನಾನು ಹೇಳಿದ್ದು: “ಬೇಡ ಸಾರ್, ಅವನು ಸುಮ್ಮನೆ ಆಡೋದಕ್ಕೆ ಬರ್ತಿದ್ದ. ಬೀರ ನನ್ನದೇ.”

ಪುಸ್ತಕ ಬಂತು. ಶಾಲೆಗಳಲ್ಲಿ ಮಕ್ಕಳು ಆಡಿದರು. ಎಲ್ಲರಿಗೂ ಹೆಚ್ಚು ಇಷ್ಟವಾದ ನಿಯಮ ಯಾವುದು ಗೊತ್ತೇ? ಬಾಯಲ್ಲಿ ಬಂದದ್ದೇ ರೂಪ ಎನ್ನುವುದು. ಎಂಥ ತಮಾಷೆ ಸಾರ್, ನಕ್ಕು ನಕ್ಕು ಸಾಕಾಯಿತು ಎಂದು ಪತ್ರ ಬರೆದರು. ಒಂದೊಂದು ಪತ್ರ ಓದುವಾಗಲೂ ಎಲ್ಲೋ ಒಂದು ತರಗತಿಯಲ್ಲಿ ಒಬ್ಬ ಹುಡುಗ ಉಸಿರು ಎಳೆದುಕೊಂಡು ‘ಹ’ ಹೇಳಲು ಹೆಣಗುತ್ತಿರಬಹುದು ಎಂದು... ಆದರೂ ನಾನು ಸುಮ್ಮನಿದ್ದೆ. ಹೊಗಳಿಕೆ ಸಿಹಿಯಾಗಿತ್ತು. ಹೊಟ್ಟೆಕಿಚ್ಚು ಮಾತ್ರ ಕಡಿಮೆಯಾಗಲಿಲ್ಲ. ಪುಸ್ತಕ ನನ್ನದಾದ ಮೇಲೂ ನಾನು ಅವನ ಮೇಲೆ ಅಸೂಯೆಪಡುತ್ತಲೇ ಇದ್ದೆ, ಏಕೆಂದರೆ ಬೀರನ ಮುಂದಿನ ಕಥೆ ಬರೆಯಲು ಕೂತಾಗಲೆಲ್ಲ ನನಗೆ ಏನೂ ಹೊಳೆಯುತ್ತಿರಲಿಲ್ಲ.

ಹೋದ ತಿಂಗಳು ಪಾಂಡವಪುರಕ್ಕೆ ಹೋದೆ. ಬೊಂಬೆಯನ್ನು ಟವೆಲಿನಲ್ಲಿ ಸುತ್ತಿಕೊಂಡು. ಅಂಗಡಿ ಈಗ ದೊಡ್ಡದಾಗಿದೆ. ಹನುಮಂತ ದೇವರಮನೆಯ ಬಾಗಿಲಿಗೆ ಬಳ್ಳಿ ಕೆತ್ತುತ್ತಾ ಕೂತಿದ್ದ.

“ಬನ್ನಿ ಸರ್, ಕುಳಿತುಕೊಳ್ಳಿ,” ಎಂದ.

ಬನ್ನಿ, ಸರ್. ‘ಲೇ ಪುಟ್ರಾಜ’ ಅಲ್ಲ. ಕೂತು, ಬೊಂಬೆಯನ್ನು ಮುಂದಿಟ್ಟು, ಎಲ್ಲವನ್ನೂ ಹೇಳಿದೆ. ಮುಖಪುಟದ ಹೆಸರು, ಫೋನಿನಲ್ಲಿ ಆಡಿದ ಮಾತು. ಅವನ ಕೈ ಕೆಲಸ ಮಾಡುತ್ತಲೇ ಇತ್ತು. ಅಂಥ ನಿಯಮವೇ ಇರಲಿಲ್ಲ, ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ಅಲ್ಲೇ ಹುಟ್ಟಿಸಿ ಹೇಳಿದೆ ಎಂದಾಗ ಉಳಿ ನಿಂತಿತು.

“ಆ ರೂಲ್ಸು ಇರ್ನಿಲ್ವಾ ಅಂಗಾರೆ?”

ಇರಲಿಲ್ಲ ಎಂದೆ. ಅವನು ಬಾಗಿಲ ಕಡೆಗೆ ತಿರುಗಿಕೊಂಡ. ಇಷ್ಟು ವರ್ಷ ಬೀರ ಸತ್ತದ್ದು ತನ್ನ ನಾಲಿಗೆಯ ತಪ್ಪಿನಿಂದಲೇ ಎಂದು ನಂಬಿದ್ದ ಎಂದು ನನಗೆ ಆಗ ಗೊತ್ತಾಯಿತು. ಮತ್ತೆ ನನ್ನ ಕಡೆ ತಿರುಗಿದಾಗ ಮುಖ ಗಿರಾಕಿಗಳಿಗೆ ಇಟ್ಟುಕೊಂಡ ಮುಖವಾಗಿತ್ತು. “ಇರಲಿ ಬಿಡಿ ಸರ್. ಹಳೆಯ ಮಾತು,” ಎಂದ.

ಭಾನುವಾರ ಬಾ, ಬೀರನ ಮುಂದಿನ ಕಥೆ ನಿನ್ನದು, ಆಡೋಣ ಎಂದೆ. ಅವನು ಒಂದೊಂದೇ ಪದವನ್ನು ಅಳತೆ ಹಿಡಿದು ಇಡುವಂತೆ ಹೇಳಿದ:

“ನಾನು ಈಗ ಅದೆಲ್ಲ ಹಾಡೋದಿಲ್ಲ ಸರ್.”

ಆಡೋದಿಲ್ಲ ಎನ್ನಬೇಕಿತ್ತು ಅವನು. ‘ಹ’ ಎಲ್ಲಿ ಬಿಟ್ಟುಹೋಗುತ್ತದೋ ಎಂಬ ಭಯಕ್ಕೆ ಬೇಡದ ಕಡೆಯೂ ಸೇರಿಸಿದ್ದ. ಎಷ್ಟು ವರ್ಷದಿಂದ, ಎಷ್ಟು ಜನರ ಮುಂದೆ ಹೀಗೆ ಹುಷಾರಾಗಿ ಮಾತಾಡುತ್ತಿದ್ದಾನೋ. ಕ್ಷಮಿಸು ಎಂದು ಕೇಳಲೂ ನಾಚಿಕೆಯಾಯಿತು.

ಈ ಮುದ್ರಣದಲ್ಲಿ ಆ ನಿಯಮ ಇಲ್ಲ. ನನ್ನ ಹೆಸರು ನಕ್ಷೆಯ ಪುಟದಲ್ಲಷ್ಟೇ ಇದೆ. ಅವತ್ತು ಅಲ್ಲಿಂದ ಏಳುವ ಮೊದಲು, ಪುಸ್ತಕಕ್ಕೆ ನಿನ್ನ ಹೆಸರು ಹಾಕಲು ಒಪ್ಪಿಗೆಯೇ ಎಂದು ಕೇಳಿದ್ದಕ್ಕೆ ಅವನು ಹಾಕಿ ಎಂದ. ನಾನು ಅಭ್ಯಾಸಬಲದಿಂದ, “ಹೆಂಗೆ ಹಾಕ್ಸನ್ಲಾ ಅನ್ಮ?” ಎಂದುಬಿಟ್ಟೆ.

ಅವನು ಉಳಿಯನ್ನು ಕೆಳಗಿಟ್ಟು, ಉಸಿರು ಎಳೆದುಕೊಂಡು, ನನ್ನ ಮಾತನ್ನು ತಿದ್ದಿದ.

“ಹನುಮಂತ, ಸರ್.”