ಹಿಂದೆ ನೋಡುವ ಗಿಳಿ

ಕಾಕಾನ ಬಲಗೈ ತೋರುಬೆರಳು ಮೊದಲ ಗೆಣ್ಣಿನಲ್ಲೇ ಡೊಂಕಾಗಿತ್ತು. ಆ ಒಂದೇ ಬೆರಳಿನಿಂದ ಕೀಬೋರ್ಡನ್ನು ಟಕ್ ಟಕ್ ಎಂದು ಕುಟ್ಟುತ್ತಿದ್ದರು, ನನ್ನ ಹತ್ತು ಬೆರಳಿಗಿಂತ ಬೇಗ. ಕಾಗದದ ಕಾರ್ಖಾನೆಯಲ್ಲಿ ಮೀಟರು ರಿಪೇರಿ ಮಾಡಿ ನಿವೃತ್ತರಾದವರು, ಅಂಬೇವಾಡಿಯಲ್ಲಿ ನಮ್ಮ ಪಕ್ಕದ ಮನೆಯವರು. ರಕ್ತಸಂಬಂಧವೇನೂ ಇರಲಿಲ್ಲ. ಕಾಕಾ ಎಂದರೆ ಕಾಕಾ, ಅಷ್ಟೇ.

ನನ್ನದು ಜಂಪರಿಗೆ ಕಂಪ್ಯೂಟರ್ ಕಸೂತಿ ಹಾಕಿಕೊಡುವ ಅಂಗಡಿ. ಯಂತ್ರದ ಜೊತೆ ಬಂದ ಸಾಫ್ಟ್‌ವೇರು ವರ್ಷಕ್ಕೊಮ್ಮೆ ಕಂಪನಿಯ ಅಪ್ಪಣೆ ಬೇಡುತ್ತಿತ್ತು. ಒಮ್ಮೆ ಮದುವೆ ಸೀಜನ್ನಿನ ನಡುವೆಯೇ ಅಪ್ಪಣೆ ಮುಗಿದು ಯಂತ್ರ ನಿಂತಿತು. ಫೋನು ಮಾಡಿದರೆ, ಹಳೆಯದು ಬಂದ್ ಆಗಿದೆ, ಹೊಸದು ಕೊಳ್ಳಿ ಎಂದರು. ತಲೆಯ ಮೇಲೆ ಕೈಹೊತ್ತು ಕೂತೆ.

"ನಿನ್ನ ಅಂಗಡಿ ಕೀಲಿ ಅವರ ಹಂತೇಕ ಯಾಕ ಕೊಟ್ಟೀವಾ?" ಎಂದರು ಕಾಕಾ.

ಓಪನ್ ಸೋರ್ಸ್ ಎಂಬ ಮಾತನ್ನು ನಾನು ಕೇಳಿದ್ದು ಅಂದೇ. ಅಂಥ ಸಾಫ್ಟ್‌ವೇರನ್ನು ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಿ ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಕಾಕಾ ಮೂರು ದಿನ ಕೂತು ಅಂಥದೊಂದನ್ನು ನನ್ನ ಕಂಪ್ಯೂಟರಿಗೆ ಹಾಕಿಕೊಟ್ಟರು. ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣುವ ನಮ್ಮ ಕಸೂತಿ ಹೊಲಿಗೆ ಅದರಲ್ಲಿ ಸರಿಬರಲಿಲ್ಲ. ಕಾಕಾ ಆ ಸಾಫ್ಟ್‌ವೇರು ಮಾಡಿದವರಿಗೇ ಬರೆದರು. ಮುಖ ನೋಡದ ಯಾರೋ ವಾರದೊಳಗೆ ತಿದ್ದಿ ಕಳಿಸಿದರು. ಹಳಿಯಾಳ, ಮುಂಡಗೋಡದ ಗಿರಾಕಿಗಳೂ ಬರತೊಡಗಿದರು.

"ಇದೇನ್ ಹೊಸಾದಲ್ಲವಾ. ನಮ್ಮಾಕಿ ಕಸೂತಿ ಕೇಳಿದವ್ರಿಗೆ ಎಂದೂ ಇಲ್ಲ ಅಂದಾಕಿ ಅಲ್ಲ," ಎನ್ನುತ್ತಿದ್ದರು.

ತೀರಿಹೋದ ಹೆಂಡತಿ, ನಮ್ಮ ಕಾಕು, ಚೌಕುಳಿ ನೋಟ್‌ಬುಕ್ಕಿನಲ್ಲಿ ಬಿಡಿಸಿಟ್ಟ ಚಿತ್ರಗಳನ್ನು ಕಾಕಾ ನನಗೆ ತಂದುಕೊಟ್ಟರು. ಗೆದ್ದಲು ತಿಂದ ಹಾಳೆಗಳು. ಇಬ್ಬರೂ ಚೌಕುಳಿಯ ಮನೆ ಎಣಿಸಿ ಎಣಿಸಿ ಕಂಪ್ಯೂಟರಿಗೆ ಇಳಿಸುವಷ್ಟರಲ್ಲಿ ಪುಡಿಯಾದವು. ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದು ಪುಡಿಯನ್ನು ನಾನೇ ಗುಡಿಸಿ ಹಾಕಿದೆ.

ಅವುಗಳಲ್ಲೊಂದು ತುಳಸಿಕಟ್ಟೆ. ಅದರ ಎರಡು ಬದಿಗೆ ಎರಡು ಗಿಳಿ. ಒಂದು ಗಿಳಿ ಕತ್ತು ಹೊರಳಿಸಿ ಹಿಂದೆ ನೋಡುತ್ತಿತ್ತು. "ಅದು ಆಕಿ ತಲ್ಯಾಗಿಂದು, ಕಡೀಕ ಬಿಡಿಸಿದ್ದು. ಬ್ಯಾರೆ ಎಲ್ಲೂ ಸಿಗಂಗಿಲ್ಲ," ಎಂದರು ಕಾಕಾ. ಆ ಮಾತೇ ನನ್ನ ಬುದ್ಧಿ ಕೆಡಿಸಿತು. ಮುಂದಿನ ಸೀಜನ್ನಿಗೆ ನನ್ನಲ್ಲಿ ಮಾತ್ರ ಸಿಗಲಿ ಎಂದುಕೊಂಡೆ. ಕಂಡವರು ನಕಲು ಮಾಡಿಯಾರೆಂದು ಒಂದು ಜಂಪರಿಗೂ ಹಾಕಲಿಲ್ಲ, ಪೆನ್‌ಡ್ರೈವಿನಲ್ಲೂ ಇಡಲಿಲ್ಲ.

ಕೈಕಸೂತಿಯಿಂದಲೇ ಮನೆ ನಡೆಸುವ ಒಬ್ಬ ಹೆಣ್ಣುಮಗಳು ಚಿಗಳ್ಳಿಯಿಂದ ಬಂದಳು. "ಅಕ್ಕಾರ, ಹಿಂದಕ ನೋಡೋ ಗಿಳಿ ನಿಮ್ಮ ಹಂತೇಕ ಐತೆಂತಲ್ರಿ, ಒಂದು ಪ್ರಿಂಟ್ ಕೊಡ್ರಿ."

"ಇಲ್ಲವಾ," ಎಂದೆ.

ಕಾಕಾ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. ಆಕೆ ಹೋದ ಮೇಲೆ ಕೇಳಿದರು: "ಸಾಫ್ಟ್‌ವೇರ್ ಮಾಡಿದವ್ರು ಹಿಂಗ ಅಂದಿದ್ರ ನಿನ್ನ ಅಂಗಡಿ ಇರ್ತಿತ್ತೇನು?"

"ನಾಳೆ ಕೊಡ್ತೇನ್ರಿ ಕಾಕಾ," ಎಂದೆ. ಕೊಡುವ ಮನಸ್ಸು ನನಗಿರಲಿಲ್ಲ.

ಮಳೆಗಾಲದ ಮೊದಲ ಸಿಡಿಲಿಗೆ ಕಂಪ್ಯೂಟರು ಸುಟ್ಟುಹೋಯಿತು. ಸಾಫ್ಟ್‌ವೇರು ಮರುದಿನವೇ ಬೇರೆ ಕಂಪ್ಯೂಟರಿಗೆ ಮತ್ತೆ ಸಿಕ್ಕಿತು, ಅದು ಎಲ್ಲರ ಬಳಿ ಇತ್ತು. ಗಿರಾಕಿಗಳಿಗೆ ಹಾಕಿಕೊಟ್ಟಿದ್ದ ಜಂಪರುಗಳನ್ನು ನೋಡಿ ಉಳಿದ ಚಿತ್ರಗಳನ್ನು ಮತ್ತೆ ಇಳಿಸಿಕೊಂಡೆ. ಗಿಳಿ ನನ್ನೊಬ್ಬಳ ಬಳಿ ಇತ್ತು.

ಕಾಕುನ ಪುಣ್ಯತಿಥಿಗೆ ಫೋಟೋದ ಮುಂದೆ ಹಾಸಲು ಆ ಗಿಳಿ ಹಾಕಿದ ಬಟ್ಟೆ ಬೇಕೆಂದು ಕಾಕಾ ಬಂದರು. ಅದೂ ಸುಟ್ಟುಹೋಯಿತೆಂದು ಹೇಳಿದೆ. ಅವರು ಡೊಂಕು ಬೆರಳಿನಿಂದ ಮೇಜಿನ ಮೇಲೆ ಗೆರೆ ಎಳೆಯತೊಡಗಿದರು.

"ಕತ್ತು ಇಲ್ಲೆ ಹೊರಳತಿತ್ತು. ಎಷ್ಟು ಮನಿ ಬಿಟ್ಟಿದ್ಲೋ, ನೆಪ್ಪಾಗವಲ್ದು."

ನಾನು ಅಳುತ್ತಿದ್ದೆ. "ಅಳಬ್ಯಾಡವಾ, ನಾನರ ಇನ್ನೊಂದು ಕಾಪಿ ಇಟಗೋಬೇಕಿತ್ತು," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ದೀಪಾವಳಿಗೆ ಮುಂಚೆಯೇ ಕಾಕಾ ಹೋಗಿಬಿಟ್ಟರು. ಮಣ್ಣಿಗೆ ಚಿಗಳ್ಳಿಯಾಕೆಯೂ ಬಂದಿದ್ದಳು. ನನ್ನಲ್ಲಿದ್ದ ಚಿತ್ರಗಳನ್ನೆಲ್ಲ ಪೆನ್‌ಡ್ರೈವಿಗೆ ತುಂಬಿ ಆಕೆಯ ಕೈಗಿಟ್ಟೆ, ಕೇಳಿದವರಿಗೆಲ್ಲ ಕೊಡು ಎಂದೆ.

"ಆ ಗಿಳಿನೂ ಐತೇನ್ರಿ ಅಕ್ಕಾರ ಇದರಾಗ?"

"ಇಲ್ಲವಾ," ಎಂದೆ. ಈ ಸಲ ಅದು ನಿಜವಾಗಿತ್ತು.