ಕುತ್ತಿಗಿ ಮ್ಯಾಲಿನ ಕೈ

ನಿಜಾಮನ ಸರಕಾರ ಇನ್ನೂ ಇದ್ದ ಕಾಲ. ಜೇವರ್ಗಿ ಸೀಮ್ಯಾಗಿನ ಒಂದು ಸಣ್ಣ ದವಾಖಾನ್ಯಾಗ ನಾ ನರ್ಸಬಾಯಿ ಇದ್ದೆ. ಸಿಟ್ಟು ನನ್ನ ಮೂಗಿನ ತುದಿ ಮ್ಯಾಲೇ ಇರ್ತದಂತ ಎಲ್ಲಾರೂ ಆಡಿಕೊಳ್ತಿದ್ದರು. ಆ ದಿನ ಅದೂ ಕೆಲಸಕ್ಕ ಬರಲಿಲ್ಲ.

ಇಜೇರಿ ಕಡೆಯವ ಒಬ್ಬ ಜ್ವಾಳದ ಕಣಕಿ ಹೇರಿದ ಬಂಡಿ ಮ್ಯಾಲಿಂದ ಜಾರಿ ಕುಡಗೋಲಿನ ಮ್ಯಾಲೆ ಬಿದ್ದಿದ್ದ. ಕುತ್ತಿಗಿ ಎಡಕ್ಕ ತೂತು. ಅವನ ಹೆಂಡತಿ ಸೆರಗು ಮಡಚಿ ಅದರ ಮ್ಯಾಲೆ ಒತ್ತಿ ಹಿಡದಾಕಿ ದಾರಿಯುದ್ದಕ್ಕೂ ಸಡಲ ಬಿಟ್ಟಿರಲಿಲ್ಲ. ಆಕಿ ಬೆರಳು ಮರಗಟ್ಟಿದ್ದವು.

ನಮ್ಮ ಡಾಕ್ಟರು ಶಾಣ್ಯಾ ಮನಿಷ್ಯಾ. ಕೈ ತಗೀಬ್ಯಾಡ ತಂಗಿ ಅಂತ ಆಕಿಗೆ ಹೇಳಿದರು. ಆಳ ನೋಡಾಕಂತ ಗಾಯದಾಗ ಸಳಿ ಹಾಕಿ ಕೆದರಲಿಲ್ಲ. ಸುತ್ತಲಿನ ಬಾವು ಮುಟ್ಟಿ ನೋಡಿದರು. ಅದು ನಾಡಿ ಜೋಡಿ ಮಿಡೀತಿತ್ತು. ಮಿದುಳಿಗೆ ಹೋಗೋ ದೊಡ್ಡ ರಕ್ತನಾಳ ಹರದದ ಅಂತ ನನಗ ಮೆಲ್ಲಕ ಹೇಳಿದರು. ಎರಡೂ ಮುಷ್ಟಿ ಹಿಡಿ ಅಂದ್ರು, ಅವ ಹಿಡದ. ಮಾತಾಡು ಅಂದ್ರು. ಮನ್ಯಾಗ ಎಮ್ಮಿ ಹಿಂಡವರು ಯಾರು ಅಂತ ಹೆಂಡತೀನ ಕೇಳಿದ. ಮಿದುಳಿಗೆ ರಕ್ತ ಇನ್ನೂ ಮುಟ್ಟಾಕತ್ತದ ಅಂತ ಡಾಕ್ಟರಿಗೆ ಧೈರ್ಯ ಬಂತು. ಕ್ಲೋರೋಫಾರ್ಮ್ ಕೊಟ್ಟು, ಗಾಯದ ಕೆಳಗ-ಮ್ಯಾಲೆ ನಾಳಕ್ಕ ದಾರ ಸುತ್ತಿ ಹಿಡದು, ಆಮ್ಯಾಲೆ ಆಕಿ ಕೈ ತಗಸಿ ಹರದ ಜಾಗ ಹೊಲಿಯೋದು ಅಂತ ಠರಾಯಿಸಿದರು. ನಾ ಸೂಜಿ, ರೇಷ್ಮಿ ದಾರ ಕುದಿಯಾಕ ಇಟ್ಟೆ.

ಅಷ್ಟರಾಗ ಠಾಣೇದ ಸಾಹೇಬ, ಪೊಲೀಸ್ ಅಮೀನ, ಸಾಕ್ಷಿಗೆ ಪಂಚರನ್ನ ಕರಕೊಂಡು ಬಂದ. ಹತಾರದ ಗಾಯ ಅಂದ್ರ ಪಂಚರು ಕಣ್ಣಾರೆ ನೋಡಬೇಕು, ಎಷ್ಟು ಬೆರಳು ಆಳ ಅಂತ ಬರಸಬೇಕು. ಅವನ ರಿವಾಜು ಅದು. ಹೊಲಿಗಿ ಹಾಕಿದಮ್ಯಾಲೆ ನೋಡ್ರಿ ಅಂತ ಡಾಕ್ಟರು ಕೈ ಮುಗದರು. ಹೊಲಿಗಿ ಬಿದ್ದಮ್ಯಾಲೆ ಗಾಯದ ಗುರುತೇ ಉಳಿಯೂದಿಲ್ಲ ಅಂದ ಅವ. ನಾ ಅಡ್ಡ ನಿಂತು ಬಾಯಿ ಮಾಡಿದೆ. ಸಿಪಾಯಿ ನನ್ನ ರಟ್ಟಿ ಹಿಡದು ಬಾಜೂಕ ಸರಸಿದ.

"ಕೈ ತಗಿ ಬೇ," ಅಂದ ಅಮೀನ. "ನೀನೇ ಹೊಡದು ಮುಚ್ಚಿ ಹಿಡದೀಯೇನು?"

ಆ ಮಾತಿಗೆ ಆಕಿ ಬೆಚ್ಚಿ ಕೈ ಎತ್ತಿಬಿಟ್ಟಳು. ರಕ್ತ ಪಂಚರ ಧೋತರಕ್ಕ ಚಿಮ್ಮಿತು. ಡಾಕ್ಟರು ನುಗ್ಗಿ ಬೆರಳಿಟ್ಟರು. ಇನ್ನ ಹೊಲಿಯಾಕ ಪುರಸೊತ್ತು ಎಲ್ಲಿತ್ತು? ಜೀವ ಉಳಸಾಕ ಇಡೀ ನಾಳಾನೇ ಕಟ್ಟಿದರು. ಜೀವ ಉಳೀತು, ಆದ್ರ ಮಿದುಳಿನ ಎಡಕ್ಕ ರಕ್ತ ಹೋಗೋ ದಾರಿ ಬಂದಾತು. ಎಚ್ಚರಾದಾಗ ಬಲಗೈ ಬಲಗಾಲು ಬಿದ್ದು ಹೋಗಿದ್ದವು, ಮಾತು ನಿಂತಿತ್ತು.

ಅಮೀನ ಅವನ ಬಯಾನ್, ಅಂದ್ರ ಹೇಳಿಕಿ, ಬರಕೊಳ್ಳಾಕ ಮತ್ತ ಬಂದ. ಯಾರು ಹೊಡದರು ಅಂತ ಮಾತಿಲ್ಲದವನ್ನ ಕೇಳಿದ್ದೇ ಕೇಳಿದ. ಕಡೀಕ, ತಾನಾಗೇ ಬಿದ್ದಾನ ಅಂತ ಕೇಸು ಮುಚ್ಚಿ ಹೋದ. ಆ ಅಮೀನನ ಮನಿ ಹಾಳಾಗಲಿ ಅಂತ ಇವತ್ತಿಗೂ ಶಾಪ ಹಾಕ್ತೇನಿ.

ಗಾಯ ಆದವನ್ನ ಊರಿಗೆ ಕರಕೊಂಡು ಹೋಗೋ ದಿನ ಅವನ ತಾಯಿ ಸೊಸೀಗೆ ಬಂಡಿ ಹತ್ತಾಕ ಬಿಡಲಿಲ್ಲ. ಈಕಿ ಕೈ ತಗದದ್ದಕ್ಕೇ ನನ್ನ ಮಗ ಹಿಂಗಾದ ಅಂದಳು. ತಪ್ಪು ಅಮೀನಂದು ಅಂತ ನಾ ಬಾಯಿ ನೋಯೋ ತನಕ ಹೇಳಿದೆ. ಮುದುಕಿ ಕೇಳಲಿಲ್ಲ, ಸೊಸೀನೂ ಕೇಳಲಿಲ್ಲ.

"ಹೌದ್ರಿ ಬಾಯಿ, ನಾನೇ ತಗದೇನಿ," ಅಂದು ಬಂಡಿ ಹಿಂದ ನಡಕೋತ ಹೋದಳು.